ಒಂದೇ ಕಟ್ಟಿನ ಎರಡು ಲಗ್ನಪತ್ರಿಕೆ

ರಾವಂದೂರಿನಲ್ಲಿ ಜಾವಾಸ್ಕ್ರಿಪ್ಟ್ ಬಲ್ಲ ಹೆಂಗಸು ಒಬ್ಬಳೇ ಒಬ್ಬಳು. ಅವಳಿಗೆ ಐವತ್ತನಾಲ್ಕು ವರ್ಷ. ಈ ಸಂಗತಿ ಊರಿಗೆಲ್ಲ ಗೊತ್ತಿತ್ತು. ಯಾಕೆಂದರೆ ಪಿರಿಯಾಪಟ್ಟಣದ ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಡೇರಿಗೆ ಹಾಲು ಹಾಕಲು ಬಂದವರಿಗೆ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಸೌದೆ ತಂದ ಟ್ರ್ಯಾಕ್ಟರಿನವರಿಗೆ ಅದನ್ನು ಹೇಳಿದವಳು ಸುನಂದಮ್ಮನೇ.

"ಕಂಪ್ಯೂಟ್ರು ಅಂದ್ರೆ ಬರೀ ಟೈಪಿಂಗ್ ಅಲ್ಲ ಕಣಪ್ಪ. ಅದಕ್ಕೊಂದು ಭಾಷೆ ಅದೆ. ನಾವು ಆ ಭಾಷೇಲಿ ಹೇಳಿದ್ರೆ ಅದು ಕೇಳ್ಬೇಕು."

"ನಮ್ಮನೆ ಹಸೂಗೂ ಒಂದು ಭಾಷೆ ಅದೆ ಪ್ರೆಸ್ಸಮ್ಮ," ಎಂದಿದ್ದ ಟ್ರ್ಯಾಕ್ಟರಿನವನು. "ಅದೂ ಕೇಳಕಿಲ್ಲ ಬುಡಿ."

ಊರಿಗೆ ಅವಳು ಪ್ರೆಸ್ಸಮ್ಮ. ಸುನಂದ ಅಂತ ಒಂದು ಹೆಸರಿದೆ ಎನ್ನುವುದು ಅವಳ ತಮ್ಮನಿಗೆ, ತಮ್ಮನ ಹೆಂಡತಿಗೆ ಮತ್ತು ಓಟಿನ ಪಟ್ಟಿಗೆ ಮಾತ್ರ ಗೊತ್ತಿತ್ತು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳ ಅಂಗಡಿ. ಬೋರ್ಡಿನ ಮೇಲೆ ಏನೇ ಬರೆದಿರಲಿ, ಜನಕ್ಕೆ ಅದು ಲಿಂಗಯ್ಯನ ಪ್ರೆಸ್. ಲಿಂಗಯ್ಯ ಅವಳ ಅಪ್ಪ. ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಅವರು ಕಾಲಲ್ಲಿ ತುಳಿಯುತ್ತಿದ್ದ ಟ್ರೆಡಲ್ ಅಚ್ಚಿನ ಯಂತ್ರ ಮಾತ್ರ ಹಳೆಯ ಸೀರೆ ಹೊದ್ದು ಮೂಲೆಯಲ್ಲಿ ನಿಂತಿತ್ತು, ಬೀಗರು ಬಂದರೂ ಒಳಗೆ ಹೋಗಲೊಪ್ಪದ ಅಜ್ಜಿಯ ಹಾಗೆ. ಅದರ ಮಗ್ಗುಲಲ್ಲೇ ಕಂಪ್ಯೂಟರಿನ ಮೇಜು.

ಸುನಂದಮ್ಮ ಮೂರನೇ ಕ್ಲಾಸಿನಲ್ಲಿದ್ದಾಗಲೇ ಸೀಸದ ಮೊಳೆಗಳನ್ನು ಜೋಡಿಸಲು ಕಲಿತವಳು. ಅಚ್ಚಿನ ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಅವಳಿಗೆ ಅದೇ ಸರಿಯಾದ ಅಕ್ಷರ. ಶಾಲೆಯಲ್ಲಿ ಸ್ಲೇಟಿನ ಮೇಲೆ ಹಾಗೇ ಬರೆದಾಗ ಮೇಷ್ಟ್ರು ಸ್ಲೇಟನ್ನು ಕನ್ನಡಿಗೆ ಹಿಡಿದು ಓದಿ, ತಪ್ಪು ಹುಡುಕಲಾಗದೆ, ಹೊಡೆಯುವುದೋ ಬಿಡುವುದೋ ತಿಳಿಯದೆ ಕೋಲು ಕೆಳಗಿಟ್ಟರಂತೆ. ಸೀಮೆಎಣ್ಣೆಯಲ್ಲಿ ಮೊಳೆ ತೊಳೆಯುವ ವಾಸನೆ, ಮಸಿಯ ಘಾಟು, ಯಂತ್ರದ ಧಡಕ್ ಧಡಕ್ಕಿಗೆ ಸರಿಯಾಗಿ ಅಪ್ಪ ಗುನುಗುತ್ತಿದ್ದ ಯಾವುದೋ ವಚನದ ಅರ್ಧ ಸಾಲು. ಇವೆಲ್ಲ ಅವಳ ಬಾಲ್ಯ.

ಮದುವೆ ಕಾಲದಲ್ಲಿ ಲಿಂಗಯ್ಯ ಒಂದು ಉಪಾಯ ಮಾಡುತ್ತಿದ್ದರು. ಲಗ್ನಪತ್ರಿಕೆಯ ಕೆಳಗೆ 'ತಮ್ಮ ಸುಖಾಗಮನವನ್ನು ಬಯಸುವವರು' ಅಂತ ನೆಂಟರ ಹೆಸರಿನ ಪಟ್ಟಿ ಇರುತ್ತದಲ್ಲ, ಅದನ್ನು ಪ್ರತಿ ಸಲ ಜೋಡಿಸುತ್ತ ಕೂರುವುದು ಯಾರಿಗೆ ಬೇಕು? ಒಂದೊಂದು ಮನೆತನದ ಪಟ್ಟಿಯನ್ನು ಒಂದು ಸಲ ಜೋಡಿಸಿ, ಸುತ್ತ ದಾರ ಬಿಗಿದು, ಕಟ್ಟು ಮಾಡಿ ಇಟ್ಟುಬಿಡುತ್ತಿದ್ದರು. ಆ ಮನೆಯಲ್ಲಿ ಮತ್ತೆ ಮದುವೆಯಾದರೆ ಅದೇ ಕಟ್ಟು. ಅಣ್ಣತಮ್ಮಂದಿರ ಮನೆಯಲ್ಲಿ ಒಂದೇ ತಿಂಗಳು ಎರಡು ಮದುವೆ ಬಂದರೆ, ಕಟ್ಟು ಮೊಳೆ ಬಿಗಿಯುವ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಅದು ಎದ್ದುಹೋದ ಜಾಗದಲ್ಲಿ ಅಪ್ಪ ಒಂದು ಚೀಟಿ ಇಡುತ್ತಿದ್ದರು: 'ಕಟ್ಟು ಅಣ್ಣನ ಮನೆಯ ಪತ್ರಿಕೆಯಲ್ಲಿದೆ. ಸಂಜೆಗೆ ಬರುತ್ತದೆ.' ಈ ಚೀಟಿ ಇಡದೆ ಅವರು ಒಂದು ಮೊಳೆಯನ್ನೂ ಅಲ್ಲಾಡಿಸಿದವರಲ್ಲ.

ಹೋದ ವರ್ಷ ಸುನಂದಮ್ಮ ಹುಣಸೂರಿನ ಕಂಪ್ಯೂಟರ್ ತರಗತಿಗೆ ಸೇರಿದಳು. ಕಲಿಸುವ ಕಾವ್ಯಾಗೆ ಇಪ್ಪತ್ತೈದು ವರ್ಷ. ಕಾಕನಕೋಟೆಯ ಕಾಡಂಚಿನ ಬುಡಕಟ್ಟು ಜನರ ಹಾಡಿಯಿಂದ ಓದಿ ಮೇಲೆ ಬಂದ ಹುಡುಗಿ, ಮಾತು ಕಡಿಮೆ, ಕಣ್ಣು ಚುರುಕು. ಮೊದಲ ದಿನವೇ ಅವಳು, "ಆಬ್ಜೆಕ್ಟ್ ಅಂದ್ರೆ ಖಾನೆಗಳಿರೋ ಒಂದು ಪೆಟ್ಟಿಗೆ. ಪ್ರತಿ ಖಾನೆಗೂ ಒಂದು ಹೆಸರು, ಒಳಗೆ ಒಂದು ವಸ್ತು," ಎಂದಾಗ ಹಿಂದಿನ ಬೆಂಚಿನಿಂದ ಸುನಂದಮ್ಮ ಎದ್ದು ನಿಂತಿದ್ದಳು.

"ಅಯ್ಯೋ, ಇದು ನಮ್ಮಪ್ಪನ ಮೊಳೆ ಪೆಟ್ಟಿಗೆ ಕಣವ್ವ!"

ಇಡೀ ತರಗತಿ ನಕ್ಕಿತು. ಕಾವ್ಯಾ ನಗಲಿಲ್ಲ. "ಹೌದು ಆಂಟಿ, ಅದೇ," ಎಂದಳು. ಅಂದಿನಿಂದ ಸುನಂದಮ್ಮನಿಗೆ ಜಾವಾಸ್ಕ್ರಿಪ್ಟ್ ತನ್ನ ತಂದೆ ಬಿಟ್ಟುಹೋದ ಆಸ್ತಿಯ ಹಾಗೆ ಕಾಣತೊಡಗಿತು.

ಅಷ್ಟರಲ್ಲಿ ತಮ್ಮ ಶಿವಶಂಕರನ ಮಗಳು ಪೂಜಾಳ ಮದುವೆ ಗಾವಡಗೆರೆಯ ಷಣ್ಮುಖಪ್ಪನ ಮಗ ತೇಜಸ್‌ನೊಂದಿಗೆ ಗೊತ್ತಾಯಿತು. ಎರಡು ಮನೆಯ ಪತ್ರಿಕೆಯೂ ಲಿಂಗಯ್ಯನ ಪ್ರೆಸ್ಸಿನಲ್ಲೇ ಎಂದಾಯಿತು. ವಿದ್ಯೆ ತೋರಿಸಲು ಇದಕ್ಕಿಂತ ಒಳ್ಳೆಯ ಕಾಲ ಬರುವುದುಂಟೆ? ಗಂಡಿನ ಕಡೆಯ ವಿವರ ಒಂದು ಪೆಟ್ಟಿಗೆ, ಹೆಣ್ಣಿನ ಕಡೆಯದು ಇನ್ನೊಂದು. ಎರಡನ್ನೂ ಒಂದೇ ಪೆಟ್ಟಿಗೆಗೆ ಬೆರೆಸಿದರೆ ಲಗ್ನಪತ್ರಿಕೆ ತಯಾರು. ಬೆರೆಸಿದಳು. ಮೊದಲ ಪ್ರತಿಯನ್ನು ತಮ್ಮನ ಕೈಗಿಟ್ಟು, ಹೊಗಳಿಕೆಗಾಗಿ ಕಾದು ನಿಂತಳು.

ಶಿವಶಂಕರ ಎರಡು ಸಲ ಓದಿದ. ವರ ತೇಜಸ್, ಶ್ರೀಮತಿ ಪವಿತ್ರ ಮತ್ತು ಶ್ರೀ ಶಿವಶಂಕರ ಇವರ ಪುತ್ರ. ವಧು ಪೂಜಾ, ಶ್ರೀಮತಿ ಪವಿತ್ರ ಮತ್ತು ಶ್ರೀ ಶಿವಶಂಕರ ಇವರ ಪುತ್ರಿ.

"ಅಕ್ಕ, ಇದು ಲಗ್ನಪತ್ರಿಕೆನೋ ರೇಷನ್ ಕಾರ್ಡೋ?"

ಆಗಿದ್ದಿಷ್ಟೆ. ಎರಡು ಪೆಟ್ಟಿಗೆಯಲ್ಲೂ 'ತಂದೆ', 'ತಾಯಿ' ಎಂಬ ಖಾನೆಗಳಿದ್ದವು. ಒಂದೇ ಹೆಸರಿನ ಖಾನೆ ಎರಡು ಕಡೆ ಇದ್ದರೆ ಆಮೇಲೆ ಬಂದದ್ದು ಮೊದಲಿನದನ್ನು ತಳ್ಳಿ ತಾನು ಕೂರುತ್ತದೆ. ಹೆಣ್ಣಿನ ಕಡೆಯವರು ಆಮೇಲೆ ಬಂದು ಷಣ್ಮುಖಪ್ಪನವರನ್ನು ಅವರ ಮಗನ ಪಕ್ಕದಿಂದಲೇ ಎಬ್ಬಿಸಿದ್ದರು. ಸುನಂದಮ್ಮ ಖಾನೆಗಳಿಗೆ 'ವರನ ತಂದೆ', 'ವಧುವಿನ ತಂದೆ' ಎಂದು ಬೇರೆ ಬೇರೆ ಹೆಸರಿಟ್ಟು ಎಲ್ಲರನ್ನೂ ಅವರವರ ಮಕ್ಕಳಿಗೆ ಒಪ್ಪಿಸಿದಳು. ಒಂದು ತಪ್ಪು ತಿದ್ದಿದವರಿಗೆ ಬರುವ ಧೈರ್ಯ ತಪ್ಪೇ ಮಾಡದವರಿಗೆ ಬರುವುದಿಲ್ಲ. ಮಾರನೇ ದಿನವೇ ಅಂಗಡಿಯ ಮುಂದೆ ಹೊಸ ಬೋರ್ಡು ಎದ್ದಿತು: 'ನಿಮ್ಮ ಪತ್ರಿಕೆ ನಿಮ್ಮ ಬೆರಳಿನಲ್ಲಿ. ಮನೆಯಲ್ಲೇ ಕುಳಿತು ತಿದ್ದಿ. ತಪ್ಪಿಗೆ ಜಾಗವಿಲ್ಲ.'

ನಮ್ಮ ಕಡೆ ಗಂಡಿನವರು ಒಂದು ಪತ್ರಿಕೆ, ಹೆಣ್ಣಿನವರು ಒಂದು ಪತ್ರಿಕೆ ಹೊಡೆಸುವುದು ವಾಡಿಕೆ. ಮುಹೂರ್ತ, ಸ್ಥಳ ಎಲ್ಲ ಒಂದೇ. ಕರೆಯುವವರು ಬೇರೆ, ಕೆಳಗಿನ ನೆಂಟರ ಪಟ್ಟಿ ಬೇರೆ. ಸುನಂದಮ್ಮ ಗಂಡಿನ ಪತ್ರಿಕೆಯ ಪೆಟ್ಟಿಗೆ ಮಾಡಿ, ಅದನ್ನು ನಕಲು ತೆಗೆದು ಹೆಣ್ಣಿನ ಪತ್ರಿಕೆ ಮಾಡಿದಳು. ನಕಲು ತೆಗೆಯುವುದೆಂದರೆ ಪೆಟ್ಟಿಗೆಯ ಹೆಸರಿಗೆ ಮೊದಲು ಮೂರು ಚುಕ್ಕಿ ಇಡುವುದು, ಅಷ್ಟೆ. ಅಪ್ಪ ಹಣೆಗೆ ಎಳೆಯುತ್ತಿದ್ದ ವಿಭೂತಿಯ ಮೂರು ಪಟ್ಟೆಯ ಮೇಲಿದ್ದಷ್ಟೇ ಭಕ್ತಿ ಅವಳಿಗೆ ಆ ಮೂರು ಚುಕ್ಕಿಯ ಮೇಲೆ. ಪರೀಕ್ಷೆಯನ್ನೂ ಮಾಡಿದಳು. ಹೆಣ್ಣಿನ ಪತ್ರಿಕೆಯಲ್ಲಿ ಕರೆಯುವವರ ಹೆಸರು ಬದಲಿಸಿದಳು. ಗಂಡಿನ ಪತ್ರಿಕೆ ಅಲ್ಲಾಡಲಿಲ್ಲ. ಸೋಮವಾರ ಬೆಳಗ್ಗೆ ಎರಡೂ ಮನೆಗೆ ಒಂದೊಂದು ಲಿಂಕ್ ಕಳಿಸಿ, "ನಿಮ್ಮ ನಿಮ್ಮ ನೆಂಟರ ಹೆಸರು ನೀವೇ ತುಂಬಿಸಿ. ಮುಂದಿನ ಸೋಮವಾರ ಅಚ್ಚು," ಎಂದಳು.

ನಕಲಿನಲ್ಲಿ ಎರಡು ಜಾತಿಯಿದೆ, ಮೇಲಿನ ನಕಲು ಬೇರೆ, ಆಳದ ನಕಲು ಬೇರೆ ಎಂದು ಕಾವ್ಯಾ ಒಂದು ಪೂರ್ತಿ ದಿನ ಪಾಠ ಮಾಡಿದ್ದಳು. ಆ ದಿನ ಸುನಂದಮ್ಮ ಗಾವಡಗೆರೆಯಲ್ಲಿ ಇದೇ ಮದುವೆಯ ನಿಶ್ಚಿತಾರ್ಥದ ಒಬ್ಬಟ್ಟು ತಿನ್ನುತ್ತಿದ್ದಳು.

ಲಿಂಕ್ ಕಳಿಸಿದ ಮೇಲೆ ಅವಳು ಇನ್ನೊಂದು ಕೆಲಸವನ್ನೂ ಮಾಡಿದಳು. ಬಾಗಿಲ ಕಡೆ ಒಮ್ಮೆ ನೋಡಿ, ಹೆಣ್ಣಿನ ಪತ್ರಿಕೆಯ ಪಟ್ಟಿಯ ಕಟ್ಟಕಡೆಯಲ್ಲಿ 'ಕು|| ಸುನಂದ' ಎಂದು ಬರೆದಳು.

ಇದಕ್ಕೊಂದು ಹಿನ್ನೆಲೆಯಿದೆ. ಲಗ್ನಪತ್ರಿಕೆಯ ಪಟ್ಟಿಯಲ್ಲಿ ಮೊದಲು 'ಶ್ರೀಮತಿ ಮತ್ತು ಶ್ರೀ' ಎಂದು ಜೋಡಿಗಳು ಬರುತ್ತವೆ. ಆಮೇಲೆ ಚಿ||, ಕು|| ಎಂದು ಮಕ್ಕಳು. ಮದುವೆಯಾಗದೆ ಉಳಿದ ಸುನಂದಮ್ಮ ಜೋಡಿಯಲ್ಲ, ಮಗುವೂ ಅಲ್ಲ. ಇಪ್ಪತ್ತೇಳು ವರ್ಷದ ಹಿಂದೆ ತಮ್ಮನ ಮದುವೆಯ ಪತ್ರಿಕೆಯಲ್ಲಿ ಅಪ್ಪ ಅವಳ ಹೆಸರನ್ನು ಮಕ್ಕಳ ಸಾಲಿನ ಕೊನೆಯಲ್ಲಿ ಜೋಡಿಸಿದ್ದೇ ಕಡೆ. ಆಮೇಲೆ ಹೋಬಳಿಯ ಅಷ್ಟೂ ಮನೆಯ ಹೆಸರುಗಳು ಅವಳ ಕೈಯಲ್ಲಿ ದಾಟಿಹೋದವು. ಅವಳದು ಮಾತ್ರ ಎಲ್ಲೂ ಬರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ. ಯಾರಿಗೂ ಹೊಳೆದಿರಲಿಲ್ಲ. ತಾನೇ ಎತ್ತಿ ಬೆಳೆಸಿದ ಪೂಜಾಳ ಪತ್ರಿಕೆಯಲ್ಲಾದರೂ ಅದು ಇರಬೇಕೆಂದು ಅವಳಿಗೆ ಆಸೆ. ಕೇಳಿ ಹಾಕಿಸಿಕೊಳ್ಳಲು ನಾಚಿಕೆ.

ಅದೇ ಸೋಮವಾರ ಮಧ್ಯಾಹ್ನ ರಾವಂದೂರಿನಲ್ಲಿ ಶಿವಶಂಕರನ ಹೆಂಡತಿ ಪವಿತ್ರ ಫೋನ್ ಹಿಡಿದು, ಕೆ.ಆರ್. ನಗರದ ತನ್ನ ತವರಿನವರ ಹದಿನಾಲ್ಕು ಹೆಸರು ತುಂಬಿಸಿದಳು.

ಅದೇ ಸಂಜೆ ಗಾವಡಗೆರೆಯಲ್ಲಿ ಷಣ್ಮುಖಪ್ಪನ ಅಕ್ಕ ಶಿವನಂಜಮ್ಮ ಕನ್ನಡಕ ಏರಿಸಿದಳು. ಅರವತ್ತೆಂಟು ವರ್ಷದ, ವರನ ಈ ಸೋದರತ್ತೆಯ ಮಾತಿಲ್ಲದೆ ಆ ಮನೆಯಲ್ಲಿ ಮೊಸರೂ ಹೆಪ್ಪಾಗುತ್ತಿರಲಿಲ್ಲ.

"ಯಾರ್ಲಾ ಷಣ್ಮುಖ ಇವ್ರೆಲ್ಲ? ಕೆ.ಆರ್. ನಗರದೋರು ಹದಿನಾಲ್ಕು ಜನ?"

"ಬೀಗರ ಕಡೆಯೋರು ಇರ್ಬೇಕು ಕಣಕ್ಕ."

"ಬೀಗರ ಕಡೆಯೋರು ಬೀಗರ ಪತ್ರಿಕೇಲಿ ಇರ್ಲಿ. ನಮ್ಮ ಪತ್ರಿಕೇಲಿ ಚಾಪೆ ಹಾಸ್ಕೊಂಡು ಕೂತವ್ರಲ್ಲ! ಕಡೇಲಿ ಇದ್ಯಾವುದೋ ಕೂಸು ಬೇರೆ, ಕುಮಾರಿ ಸುನಂದ."

ಅವರೆಕಾಯಿ ಸುಲಿದ ಹಾಗೆ ಒಂದೊಂದಾಗಿ ಅಳಿಸಿ, ತಮ್ಮವರ ಇಪ್ಪತ್ತೆರಡು ಹೆಸರು ತುಂಬಿಸಿದಳು.

ಮಂಗಳವಾರ ಬೆಳಗ್ಗೆ ಪವಿತ್ರ ಫೋನ್ ತೆಗೆದಳು. ಮರುಕ್ಷಣ ಅವಳ ಧ್ವನಿ ಅಕ್ಕಪಕ್ಕದ ಮೂರು ಮನೆಗೆ ಕೇಳಿಸಿತು.

"ನಮ್ಮ ತವರೋರ ಹೆಸ್ರು ನಿಮ್ಮ ಕಣ್ಣಿಗೆ ಮುಳ್ಳಾಯ್ತೇನ್ರೀ? ಅಷ್ಟೂ ಅಳಿಸಿದೀರಲ್ಲ!"

ಹೊಗೆಸೊಪ್ಪು ಕಟ್ಟುತ್ತಿದ್ದ ಶಿವಶಂಕರ ಎರಡೂ ಕೈ ಎತ್ತಿ ತೋರಿಸಿದ. "ಈ ಅಂಟು ನೋಡೇ. ಈ ಕೈಲಿ ಫೋನ್ ಮುಟ್ಟಿದ್ರೆ ಫೋನೇ ಕೈಗೆ ಅಂಟ್ಕತದೆ. ನಾನೆಲ್ಲಿ ಅಳಿಸ್ಲಿ?"

"ಅಂಗಾದ್ರೆ ಈ ಗಾವಡಗೆರೆಯೋರು ಇಪ್ಪತ್ತೆರಡು ಜನ ನಮ್ಮ ಪತ್ರಿಕೆಗೆ ಯಾಕೆ ಬಂದವ್ರೆ? ಮದ್ವೆಗೆ ಮುಂಚೇನೇ ನಮ್ಮೋರನ್ನ ಹೊರಗೆ ಹಾಕ್ತಾವ್ರೆ!"

ಪಕ್ಕದ ಮನೆಯ ಮುದುಕಿ ಗೋಡೆಯಾಚೆಯಿಂದ, "ಇಪ್ಪತ್ತೆರಡು ಜನ ಬಂದವ್ರಾ? ಅನ್ನಕ್ಕೆ ಇಟ್ಟಿದೀಯೇನವ್ವ?" ಎಂದು ವಿಚಾರಿಸಿದಳು.

ಪವಿತ್ರ ಇಪ್ಪತ್ತೆರಡನ್ನು ಅಳಿಸಿ ಹದಿನಾಲ್ಕನ್ನು ಮತ್ತೆ ಹಾಕಿದಳು. ಬುಧವಾರ ಗಾವಡಗೆರೆಯಲ್ಲಿ ಹದಿನಾಲ್ಕು ಹೋಗಿ ಇಪ್ಪತ್ತೆರಡು ಬಂತು. ಗುರುವಾರ ರಾವಂದೂರು ಗೆದ್ದಿತು. ಶುಕ್ರವಾರ ರಾತ್ರಿಯ ಹೊತ್ತಿಗೆ ಷಣ್ಮುಖಪ್ಪನ ಸ್ವಂತ ತಮ್ಮಂದಿರು ಮೂರು ಸಲ ಕುಟುಂಬದ ಒಳಬಂದು ಮೂರು ಸಲ ಹೊರಹೋಗಿದ್ದರು. ಒಬ್ಬ ತಮ್ಮ ಬೇಸರಗೊಂಡು, "ನಾನು ಇರ್ಲೋ ಹೋಗ್ಲೋ, ಒಂದು ಗಟ್ಟಿ ಮಾಡಿ," ಎಂದು ಹೊಲಕ್ಕೆ ಹೋದ.

ಎರಡು ಮನೆಯಿಂದಲೂ ಪ್ರೆಸ್ಸಿಗೆ ಫೋನ್ ಬರುತ್ತಿತ್ತು. ಸುನಂದಮ್ಮ ಎಲ್ಲಕ್ಕೂ ಒಂದೇ ಮದ್ದು ಹೇಳುತ್ತಿದ್ದಳು: "ಫೋನ್ ಆಫ್ ಮಾಡಿ ಆನ್ ಮಾಡಿ." ಅವಳ ಗಮನ ಬೇರೆ ಕಡೆ ಇತ್ತು. ಮಂಗಳವಾರ ಬೆಳಗ್ಗೆ ಅವಳ ಹೆಸರು ಮಾಯವಾಗಿತ್ತು.

ತಮ್ಮನ ಮನೆಯವರೇ ತೆಗೆದದ್ದು, ಇನ್ನಾರು? ಅವಳು ಕೇಳಲಿಲ್ಲ. ಆದರೆ ಅಂದು ತಮ್ಮನ ಮನೆಗೆ ಹೋದವಳು ಕಾಫಿ ಮುಟ್ಟಲಿಲ್ಲ. "ಪಿತ್ತ," ಎಂದಳು. ನಲವತ್ತು ವರ್ಷದಿಂದ ದಿನಕ್ಕೆ ಆರು ಲೋಟ ಕಾಫಿ ಕುಡಿದವಳ ಪಿತ್ತ ನೋಡಿ ಪವಿತ್ರ ಗಾಬರಿಯಾದಳು. ಬುಧವಾರ ಹೆಸರು ತಾನಾಗಿ ವಾಪಸ್ಸು ಬಂದಿತ್ತು. ಸುನಂದಮ್ಮ ಹೋಗಿ ಎರಡು ಲೋಟ ಕಾಫಿ ಕುಡಿದು ಬಂದಳು. ಗುರುವಾರ ಮಾಯ, ಪಿತ್ತ. ಸಂಜೆಗೆ ಮತ್ತೆ ಬಂತು, ಕಾಫಿ. ಹೀಗೆ ಆ ವಾರ ಅವಳ ಆರೋಗ್ಯ ಲಗ್ನಪತ್ರಿಕೆಯನ್ನು ಅನುಸರಿಸಿ ನಡೆಯಿತು. ಒಂದು ಮಾತು ಕೇಳಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಆ ಒಂದು ಮಾತನ್ನು ಇಪ್ಪತ್ತೇಳು ವರ್ಷದಿಂದ ಕೇಳದೆ ಉಳಿಸಿಕೊಂಡು ಬಂದಿದ್ದಳಲ್ಲ.

ಶನಿವಾರ ಬೆಳಗ್ಗೆ ಅಂಗಡಿಗೆ ಗಾವಡಗೆರೆಯ ಮಹದೇವಪ್ಪ ಬಂದರು. ಗಂಡುಹೆಣ್ಣು ಕೂಡಿಸುವುದು ಅವರ ಕಸುಬು. ಕಂಕುಳಲ್ಲಿ ಕೊಡೆ, ಜೇಬಿನಲ್ಲಿ ಜಾತಕಗಳು.

"ಪ್ರೆಸ್ಸಮ್ನೋರೆ, ಒಂದು ಗುಟ್ಟಿನ ಇಚಾರ. ಶಿವಶಂಕರಪ್ನೋರ ಕಡೇಲಿ ಕುಮಾರಿ ಸುನಂದ ಅಂತ ಒಂದು ಹುಡುಗಿ ಅವ್ಳಂತಲ್ಲ?"

ಸುನಂದಮ್ಮನ ಕೈಯಲ್ಲಿದ್ದ ಕಾಗದದ ಕಂತೆ ಮೇಜಿನ ಮೇಲೆ ಕೂತಿತು. "ಅವ್ಳೆ. ಯಾಕೆ?"

"ಶಿವನಂಜಮ್ನೋರು ಕಳಿಸವ್ರೆ. ಅವರ ಮಗ ಮಾದೇಶ್‌ಗೆ ಮೂವತ್ಮೂರು ತುಂಬ್ತು, ಒಂದೂ ಹೆಣ್ಣು ಗಿಟ್ತಿಲ್ಲ. ಅಂಥಾದ್ರಲ್ಲಿ ಈ ಹೆಣ್ಣಿನ ಹೆಸ್ರು ಅವರ ಪತ್ರಿಕೇಲಿ ತಾನಾಗೇ ಬಂದು ಕೂತದೆಯಂತೆ. ಮೂರು ಸಲ ಅಳಿಸಿದ್ರೂ ಬಂತಂತೆ. ಬೀಗರು ಬಾಯಿಬಿಟ್ಟು ಹೇಳ್ನಾರದೆ ಇಂಗೆ ಸೂಚನೆ ಕೊಡ್ತಾವ್ರೆ ಅಂತ ಅಮ್ನೋರ ಅಂದಾಜು. ‘ಇಷ್ಟು ಹಟ ಇರೋ ಹುಡುಗೀನೇ ನಮ್ಮನೆಗೆ ಬೇಕು, ಹೋಗಿ ಇಚಾರಿಸ್ಕೊಂಡು ಬಾ’ ಅಂದ್ರು. ಹುಡುಗಿ ಏನು ಓದವ್ಳೆ?"

"ಎಸ್ಸೆಸ್ಸೆಲ್ಸಿ. ಈಗ ಜಾವಾಸ್ಕ್ರಿಪ್ಟ್ ಕಲ್ತವ್ಳೆ."

"ಓಹೋ, ಕಂಪ್ಯೂಟ್ರು! ಕೆಲ್ಸ?"

"ಸ್ವಂತ ಪ್ರೆಸ್ಸದೆ."

"ಸಿವನೇ! ಮಾದೇಶನ ಅದೃಷ್ಟ. ಅಡುಗೆ?"

"ಒಬ್ಳಿಗೆ ಮಾಡ್ಕೊಳೋಷ್ಟು ಬತ್ತದೆ."

"ಅಷ್ಟು ಬಂದ್ರೆ ಸಾಕು, ನೀರು ಹೆಚ್ಚು ಹುಯ್ದ್ರೆ ಇಬ್ರಿಗಾಯ್ತದೆ. ವಯಸ್ಸೆಷ್ಟು?"

"ಬರೋ ಯುಗಾದಿಗೆ ಐವತ್ತೈದು."

ಮಹದೇವಪ್ಪ ಕೊಡೆಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದರು. ಟ್ರೆಡಲ್ ಯಂತ್ರವನ್ನು ನೋಡಿದರು. ಕಂಪ್ಯೂಟರನ್ನು ನೋಡಿದರು. ಪ್ರೆಸ್ಸಮ್ಮನನ್ನು ನೋಡಿದರು. ಮೆಲ್ಲಗೆ, "ಕಾಫಿ ಬ್ಯಾಡಿ, ಬಸ್ಸು ಬಂತು," ಎಂದು ಎದ್ದರು. ಕಾಫಿಯನ್ನು ಯಾರೂ ಕೊಟ್ಟಿರಲಿಲ್ಲ. ಬಸ್ಸೂ ಬಂದಿರಲಿಲ್ಲ.

ಅವರು ಹೋದ ಮೇಲೆ ಸುನಂದಮ್ಮ ಕಂಪ್ಯೂಟರಿನ ಮುಂದೆ ಕೂತಳು. ತನ್ನ ಹೆಸರನ್ನು ಅವಳು ಗಾವಡಗೆರೆಯ ಪತ್ರಿಕೆಯಲ್ಲಿ ಬರೆದೇ ಇರಲಿಲ್ಲ. ಅಲ್ಲಿಗೆ ಹೋದದ್ದು ಹೇಗೆ? ಅಲ್ಲಿ ಅಳಿಸಿದರೆ ಇಲ್ಲಿ ಯಾಕೆ ಹೋಗಬೇಕು? ಕಾವ್ಯಾಗೆ ಫೋನ್ ಮಾಡಿ ತಾನು ಬರೆದದ್ದನ್ನು ಸಾಲುಸಾಲಾಗಿ ಓದಿದಳು.

"ಆಂಟಿ," ಎಂದಳು ಕಾವ್ಯಾ, "ಮೂರು ಚುಕ್ಕಿ ಮೇಲಿನ ಖಾನೆಗಳನ್ನ ಮಾತ್ರ ಹೊಸದಾಗಿ ಮಾಡತ್ತೆ. ಖಾನೆ ಒಳಗೆ ಒಂದು ಪಟ್ಟಿ ಇದ್ರೆ, ಆ ಪಟ್ಟೀನ ನಕಲು ಮಾಡಲ್ಲ. ‘ಪಟ್ಟಿ ಇಂಥ ಕಡೆ ಇದೆ’ ಅಂತ ವಿಳಾಸ ಬರ್ದಿಡತ್ತೆ ಅಷ್ಟೆ. ನಿಮ್ಮ ಎರಡು ಪತ್ರಿಕೆಗೂ ಒಂದೇ ವಿಳಾಸ. ಪಟ್ಟಿ ಎರಡಿಲ್ಲ, ಒಂದೇ ಇರೋದು."

ಸುನಂದಮ್ಮನ ಕಣ್ಣು ಮೂಲೆಯ ಟ್ರೆಡಲ್ ಯಂತ್ರದ ಕಡೆ ಹೋಯಿತು.

"ಆಂಟಿ? ಲೈನಲ್ಲಿದೀರಾ?"

"ಚೀಟಿ," ಎಂದಳು ಸುನಂದಮ್ಮ. "ಅದು ಅಪ್ಪನ ಚೀಟಿ ಕಣವ್ವ. ಒಂದೇ ಕಟ್ಟು, ಎರಡು ಪತ್ರಿಕೆ. ಆದ್ರೆ ನಮ್ಮಪ್ಪ ಚೀಟೀನ ಎದ್ದು ಕಾಣೋ ಹಂಗೆ ಇಡ್ತಿದ್ರು. ನಿಮ್ಮ ಜಾವಾಸ್ಕ್ರಿಪ್ಟು ಬಚ್ಚಿಡ್ತದಲ್ಲ!"

"ಆಳದ ನಕಲಿಗೆ ಬೇರೆ ಆಜ್ಞೆ ಇದೆ ಆಂಟಿ. ಆ ಕ್ಲಾಸಿಗೆ ನೀವು ಬಂದಿರ್ಲಿಲ್ಲ."

ಅವಳು ಆ ಆಜ್ಞೆಯನ್ನು ಬರೆದುಕೊಳ್ಳುತ್ತಿದ್ದಂತೆಯೇ ಅಂಗಡಿಯ ಮುಂದೆ ಜೀಪು ನಿಂತಿತು. ಷಣ್ಮುಖಪ್ಪ, ಶಿವನಂಜಮ್ಮ ಇಳಿದರು. ಆ ಕಡೆಯಿಂದ ಶಿವಶಂಕರ, ಪವಿತ್ರ ಬಂದರು. ಜಗಳ ನೋಡುವುದಕ್ಕೆ ಎಲ್ಲಿದ್ದರೋ ಅಷ್ಟು ಜನವೂ ಬಂದರು.

"ಪತ್ರಿಕೇಲೇ ನಮ್ಮೋರ ಹೆಸ್ರು ಅಳಿಸೋರು ನಾಳೆ ನಮ್ಮ ಹುಡುಗನ್ನ ಏನ್ ಮಾಡ್ತೀರೋ!" ಎಂದಳು ಶಿವನಂಜಮ್ಮ, ಜೀಪಿನ ಮೆಟ್ಟಿಲ ಮೇಲಿಂದಲೇ. "ಈ ಸಂಬಂಧ ಇಲ್ಲಿಗೇ ನಿಲ್ಲಲಿ ಅಂದ್ರೆ ನಿಲ್ತದೆ."

"ನಾವು ಅಳಿಸಿದ್ವಾ? ನೀವು ಅಳಿಸಿದ್ದು!" ಎಂದಳು ಪವಿತ್ರ. "ನಮ್ಮಪ್ಪ ಸತ್ತು ಆರು ತಿಂಗ್ಳಾಗಿಲ್ಲ, ದಿವಂಗತ ಅಂತ ಹಾಕಿದ್ದ ಅವರ ಹೆಸ್ರನ್ನೂ ಬುಡಲಿಲ್ಲ ನೀವು."

ಶಿವಶಂಕರ ಅಕ್ಕನ ಕಡೆ ನೋಡಿದ. ಮಗಳ ಮದುವೆ ನಿಂತೇ ಹೋಗುತ್ತದೆ ಎನ್ನುವ ಹಾಗಿತ್ತು ಆ ನೋಟ.

"ಎಲ್ರೂ ಒಳಗೆ ಬನ್ನಿ," ಎಂದಳು ಸುನಂದಮ್ಮ. "ತಪ್ಪು ನಂದು. ಬೀಗರೇ, ನಿಮ್ಮ ಫೋನಲ್ಲಿ ಪಟ್ಟಿ ತೆಗೀರಿ. ಪವಿತ್ರ, ನೀನೂ ತೆಗಿ. ಬೀಗರೇ, ಒಂದು ಹೆಸ್ರು ಬರೀರಿ. ಯಾರದ್ದಾದ್ರೂ ಸರಿ."

ಷಣ್ಮುಖಪ್ಪ ಯೋಚಿಸಿ, ಈ ಜಗಳದಲ್ಲಿ ಯಾವ ಪಕ್ಷಕ್ಕೂ ಸೇರದ ತಮ್ಮ ಹೋರಿಯ ಹೆಸರು ಬರೆದರು. ಬೈರ. ಪವಿತ್ರಳ ಫೋನಿನಲ್ಲಿ ಹದಿನಾಲ್ಕು ನೆಂಟರ ಕೆಳಗೆ ಬೈರ ಬಂದು ನಿಂತ.

"ಈಗ ನೀನು ಅಳಿಸು."

ಪವಿತ್ರ ಅಳಿಸಿದಳು.

"ಅಯ್ಯಯ್ಯೋ, ನನ್ನ ಹೋರಿ!" ಎಂದರು ಷಣ್ಮುಖಪ್ಪ.

ಮುಂದಿನ ಹತ್ತು ನಿಮಿಷ ಬೈರ ಬಂದ, ಹೋದ, ಬಂದ. ಬಾಗಿಲಲ್ಲಿದ್ದವರು ತಮ್ಮ ತಮ್ಮ ದನಗಳ ಹೆಸರನ್ನೂ ಸೂಚಿಸತೊಡಗಿದರು. ಸುನಂದಮ್ಮ ಕಪಾಟಿನ ತಳದಿಂದ ತಗಡಿನ ಡಬ್ಬಿಯೊಂದನ್ನು ತೆಗೆದು, ದಾರ ಬಿಗಿದ ಸೀಸದ ಕಟ್ಟನ್ನು ಮೇಜಿನ ಮೇಲಿಟ್ಟಳು. ಗಲಾಟೆ ನಿಂತಿತು.

"ಅಪ್ಪನ ಕಾಲದಲ್ಲಿ ಪಟ್ಟಿ ಅಂದ್ರೆ ಇದು. ಇದು ಒಂದೇ. ಎರಡು ಪತ್ರಿಕೇಲಿ ಇಟ್ರೂ ಇದು ಒಂದೇ. ಒಂದು ಮೊಳೆ ಕಿತ್ರೆ ಎರಡು ಕಡೇನೂ ಖಾಲಿ. ನಾನು ಗೊತ್ತಿಲ್ದೆ ಅದನ್ನೇ ಮಾಡಿದೀನಿ. ನೀವು ಯಾರೂ ಯಾರ ಹೆಸ್ರನ್ನೂ ಬೇಕಂತ ಅಳಿಸ್ಲಿಲ್ಲ. ನಿಮ್ಮ ನಿಮ್ಮ ಮನೆ ಗುಡಿಸ್ಕೊಂಡ್ರಿ. ಮನೆ ಒಂದೇ ಅಂತ ನಿಮಗೆ ಹೇಳ್ಬೇಕಿದ್ದೋಳು ನಾನು."

ಶಿವನಂಜಮ್ಮ ಕಟ್ಟಿನ ಮೇಲೆ ಬೆರಳಾಡಿಸಿದಳು. "ಏನು ಬರ್ದದೆ ಇದ್ರಲ್ಲಿ? ತಲೆಕೆಳಗಾಗಿ ಅದೆ."

"ಇವನ ಮದ್ವೆ ಪತ್ರಿಕೆ ಪಟ್ಟಿ," ಎಂದು ತಮ್ಮನನ್ನು ತೋರಿಸಿ ಸುನಂದಮ್ಮ ತಿರುಗಿದ ಅಕ್ಷರಗಳನ್ನು ಸರಾಗವಾಗಿ ಓದುತ್ತ ಹೋದಳು. ದೊಡ್ಡಪ್ಪ, ದೊಡ್ಡಮ್ಮ. ಬೆಟ್ಟದಪುರದ ಸೋದರಮಾವ. ಹೊಗೆಸೊಪ್ಪಿನ ಹರಾಜಿನಲ್ಲಿ ಕುಣಿದಾಡಿ ನಗಿಸುತ್ತಿದ್ದ ಚಿಕ್ಕಪ್ಪ. ಪ್ರತಿ ಮದುವೆಯಲ್ಲೂ ಬಡಿಸುವವರ ಮೇಲೆ ರೇಗುತ್ತಿದ್ದ ಅಜ್ಜಿ. ಮುಕ್ಕಾಲುಪಾಲು ಜನ ಈಗಿಲ್ಲ. ಹೆಸರು ಬಂದಾಗಲೆಲ್ಲ ಬಾಗಿಲಲ್ಲಿದ್ದವರಲ್ಲಿ ಯಾರಾದರೊಬ್ಬರು, "ಹೂಂ, ಅವರಿದ್ರಲ್ಲ," ಎನ್ನುತ್ತಿದ್ದರು. ಕಡೆಯ ಸಾಲಿಗೆ ಬಂದಾಗ ಸುನಂದಮ್ಮ ನಿಲ್ಲಿಸಿ, "ಅಷ್ಟೆ," ಎಂದಳು.

ಶಿವಶಂಕರ ಬಗ್ಗಿ ನೋಡಿದ. ಪ್ರೆಸ್ಸು ಬಿಟ್ಟು ಹೊಲಕ್ಕೆ ಇಳಿದು ಎಷ್ಟು ವರ್ಷವಾದರೂ ಅವನೂ ಲಿಂಗಯ್ಯನ ಮಗನೇ. ತಿರುಗಿದ ಅಕ್ಷರ ಅವನಿಗೂ ಬರುತ್ತಿತ್ತು.

"ಇನ್ನೊಂದು ಸಾಲು ಅದಲ್ಲಕ್ಕ. ಕುಮಾರಿ ಸುನಂದ."

"ಆಂ! ಅದೇ ಹುಡುಗಿ!" ಎಂದಳು ಶಿವನಂಜಮ್ಮ. "ಮಹದೇವಪ್ಪ ಫೋನಲ್ಲಿ, ಹುಡುಗಿ ವಯಸ್ಸಲ್ಲಿ ಸ್ವಲ್ಪ ದೊಡ್ಡೋಳು ಅಂದ. ಒಂದೆರಡು ವರ್ಸಕ್ಕೆ ಏನಾಯ್ತದೆ ಬುಡು ಅಂದೆ ನಾನು. ಎಲ್ಲವ್ಳೆ ಅವ್ಳು?"

"ಇಲ್ಲೇ ಅವ್ಳೆ ಕಣಮ್ಮ. ನಮ್ಮಕ್ಕ."

ಶಿವನಂಜಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. "ಅಯ್ಯೋ ಪ್ರೆಸ್ಸಮ್ಮ! ನಿಮ್ಗೊಂದು ಹೆಸ್ರದೆಯಾ?"

ಬಾಗಿಲಲ್ಲಿ ನಗೆ ಎದ್ದಿತು. ಪವಿತ್ರ ಮಾತ್ರ ನಗದೆ ಅತ್ತಿಗೆಯ ಕಡೆ ತಿರುಗಿದಳು.

"ಅಕ್ಕ, ಮಂಗಳವಾರ ನಿಮ್ಮ ಹೆಸ್ರೂ ಹೋಗಿತ್ತು. ನೀವೇ ನಾಚ್ಕೊಂಡು ತೆಗ್ದಿರಿ ಅನ್ಕೊಂಡು ನಾನು ವಾಪಸ್ ಹಾಕ್ದೆ. ಮತ್ತೆ ಹೋಯ್ತು, ಮತ್ತೆ ಹಾಕ್ದೆ. ಮೂರು ಸಲ ಹಾಕಿದೀನಿ. ಇವರೇನು ನಮ್ಮನೆ ಪತ್ರಿಕೆ ಅಂದ್ರೆ ಇಷ್ಟು ಸಂಕೋಚ ಪಡ್ತಾರೆ ಅಂತ ನಂಗೇ ಬೇಜಾರಾಗಿತ್ತು."

ಸುನಂದಮ್ಮನಿಗೆ ಆ ವಾರ ತಾನು ಕುಡಿಯದೆ ಬಿಟ್ಟ ಕಾಫಿಗಳೆಲ್ಲ ನೆನಪಾದವು. "ಪಿತ್ತ ಹೋಯ್ತು ಕಣೆ," ಎಂದಳು.

ಆಮೇಲೆ ಕೆಲಸ ಬೇಗ ಮುಗಿಯಿತು. ಎಲ್ಲರ ಎದುರೇ ಆಳದ ನಕಲು ಮಾಡಿ ಪಟ್ಟಿಗಳನ್ನು ಬೇರೆ ಮಾಡಿದಳು. ಬೈರನನ್ನು ಬರೆದು ಅಳಿಸಿ ಮೂರು ಸಲ ಪರೀಕ್ಷೆ ಮಾಡಲಾಯಿತು. ಹದಿನಾಲ್ಕು ಮಂದಿ ರಾವಂದೂರಿಗೆ, ಇಪ್ಪತ್ತೆರಡು ಮಂದಿ ಗಾವಡಗೆರೆಗೆ ಸೇರಿದರು. ಷಣ್ಮುಖಪ್ಪನೇ ಒತ್ತಾಯ ಮಾಡಿ ಪವಿತ್ರಳ ಅಪ್ಪನ ಹೆಸರನ್ನು ಎಲ್ಲಕ್ಕಿಂತ ಮೇಲೆ ಇಡಿಸಿದರು. ಉಳಿದದ್ದು ಒಂದೇ ತೊಡಕು.

"ಅಕ್ಕನ ಹೆಸರಿನ ಮುಂದೆ ಏನು ಹಾಕೋದು?" ಎಂದ ಶಿವಶಂಕರ. "ಕುಮಾರಿ ಅಂದ್ರೆ ಮತ್ತೆ ಮಹದೇವಪ್ನೋರು ಬತ್ತಾರೆ."

"ಸೋದರತ್ತೆ ಅಂತ ಹಾಕಿ," ಎಂದಳು ಪವಿತ್ರ. "ಅದಲ್ವಾ ಅವ್ರು?"

ಶಿವನಂಜಮ್ಮ ಎದ್ದು ನಿಂತಳು. "ಅಂಗಾದ್ರೆ ನಾನೂ ಸೋದರತ್ತೇನೇ ಕಣ್ರೀ. ನಮ್ಮೆಜಮಾನ್ರು ಹೋದಾಗಿಂದ ನಾನೂ ಯಾವ ಪತ್ರಿಕೇಲೂ ಇಲ್ಲ. ಊರೋರ ಹೆಸ್ರೆಲ್ಲ ಬರ್ಸಿದೆ, ನಂದು ಬರ್ಸಿಲ್ಲ. ಬೇಕಾದ್ರೆ ನೋಡ್ಕೊಳ್ಳಿ."

ಸುನಂದಮ್ಮ ಪಟ್ಟಿ ನೋಡಿದಳು. ಇಪ್ಪತ್ತೆರಡು ಹೆಸರಿನಲ್ಲಿ ಶಿವನಂಜಮ್ಮ ಇರಲಿಲ್ಲ. ಇಡೀ ವಾರ ಅಳಿಸುತ್ತ, ತುಂಬಿಸುತ್ತ ಕೂತವಳು ತನ್ನನ್ನೇ ಬಿಟ್ಟಿದ್ದಳು.

"ಒಂದು ಸಾಲು," ಎಂದಳು ಸುನಂದಮ್ಮ. "ಇದೊಂದು ಸಾಲು ಎರಡು ಪತ್ರಿಕೆಗೂ ಒಂದೇ ಇರ್ಲಿ. ಬೇಕಂತಲೇ."

ಸೋಮವಾರ ಪತ್ರಿಕೆಗಳು ಅಚ್ಚಾದವು. ಪಟ್ಟಿಯ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಬಿಟ್ಟಿದ್ದಳು. ಮಂಗಳವಾರ ಟ್ರೆಡಲ್ ಯಂತ್ರದ ಮೇಲಿನ ಸೀರೆ ತೆಗೆದು, ಎಣ್ಣೆ ಬಿಟ್ಟು, ಅಪ್ಪನ ಕಟ್ಟಿನಿಂದ ತನ್ನ ಹೆಸರಿನ ಮೊಳೆಗಳನ್ನು ಚಿಮಟದಲ್ಲಿ ಎತ್ತಿದಳು. 'ಕು||' ಡಬ್ಬಿಯಲ್ಲೇ ಉಳಿಯಿತು. ಹಳೆಯ ಖಾನೆಗಳನ್ನು ತಡಕಿ ಬೇಕಾದ ಅಕ್ಷರಗಳನ್ನೆಲ್ಲ ಹುಡುಕಿದಳು: 'ಸೋದರತ್ತೆಯರು: ಶಿವನಂಜಮ್ಮ, ಸುನಂದ'. ಸವೆಯದೆ ಉಳಿದ 'ಸು' ಒಂದೇ ಒಂದಿತ್ತು. ಹಾಗಾಗಿ ಸಾಲೂ ಒಂದೇ. ಎರಡು ಪತ್ರಿಕೆಯ ಅಳತೆ ಬೇರೆಯಾದ್ದರಿಂದ ಚೌಕಟ್ಟುಗಳು ಎರಡು. ಮೊದಲು ಗಾವಡಗೆರೆಯದನ್ನು ಮುಗಿಸೋಣವೆಂದು ರಾವಂದೂರಿನ ಚೌಕಟ್ಟಿನಿಂದ ಸಾಲನ್ನು ಮೆಲ್ಲಗೆ ಎತ್ತಿ ಆ ಕಡೆಗೆ ಇಟ್ಟಳು. ಯಂತ್ರದ ಮೇಲೆ ಕಾಲಿಡಲು ಹೋದವಳು ಏನೋ ನೆನಪಾಗಿ ಹಿಂದಕ್ಕೆ ಬಂದಳು. ಒಂದು ಚೂರು ಕಾಗದ ಹರಿದು, ಬರೆದು, ಖಾಲಿಯಾದ ಜಾಗದಲ್ಲಿಟ್ಟಳು:

'ಸೋದರತ್ತೆಯರು ಗಾವಡಗೆರೆ ಪತ್ರಿಕೆಯಲ್ಲಿದ್ದಾರೆ. ಸಂಜೆಗೆ ಬರುತ್ತಾರೆ.'